ಕಲ್ಪಿತ ಪಂದ್ಯದಲ್ಲಿ ಸತ್ಯವೆಲ್ಲಿ?

ಕಂಪ್ಯೂಟರಿನೊಳಗಣ ಮೋಟಾರು ಪಂದ್ಯದಲ್ಲಿ ಕಾರು ಕಲ್ಪಿತ, ಹಾದಿ ಕಲ್ಪಿತ, ವೇಗವೂ ಕಲ್ಪಿತ. ಅಂದಮೇಲೆ ಅಲ್ಲಿ ಮಾಡಿದ ಮೋಸವೂ ಕಲ್ಪಿತವೇ ಸರಿಯೆಂದು ಕೆಲವರು ವಾದಿಸುವರು. ಈ ವಾದವು ನಿಲ್ಲುವುದೆ?

2020ರಲ್ಲಿ ಕೋವಿಡ್ ವ್ಯಾಧಿಯಿಂದ ನಿಜವಾದ ಓಟಗಳು ನಿಂತಾಗ, ತೆರೆದ ಚಕ್ರಗಳ ವಿದ್ಯುತ್ ಕಾರುಗಳನ್ನೋಡಿಸುವ ಫಾರ್ಮುಲಾ ಇ ಸಂಸ್ಥೆಯು ಯುನಿಸೆಫ್‌ನ ಸಹಾಯಾರ್ಥವಾಗಿ ಇಂತಹ ಪಂದ್ಯಮಾಲೆಯೊಂದನ್ನು ನಡೆಸಿತು. ಸ್ಪರ್ಧಿಗಳು ತಂತಮ್ಮ ಮನೆಗಳಲ್ಲಿಯೇ ಕುಳಿತು ಸ್ಟಿಯರಿಂಗ್ ತಿರುಗಿಸುತ್ತಿದ್ದರು. ಮೇ ತಿಂಗಳ ಓಟವೊಂದರಲ್ಲಿ ಜರ್ಮನಿಯ ಡೇನಿಯಲ್ ಅಬ್ಟ್ ಮೂರನೆಯವರಾದರು. ಆದರೆ ಅವರ ಹೆಸರಿನಲ್ಲಿ ಕಾರನ್ನು ನಡೆಸಿದವನು ಈ ಆಟದಲ್ಲಿ ನುರಿತ ಮತ್ತೊಬ್ಬನು! ಗುಟ್ಟು ಬಯಲಾಯಿತು. ವಿನೋದಕ್ಕಾಗಿ ಮಾಡಿದುದೆಂದು ಅಬ್ಟ್ ಹೇಳಿಕೊಂಡರು. ಆದರೂ ಅನರ್ಹರಾದರು, 10,000 ಯೂರೋಗಳನ್ನು ದಂಡವಾಗಿ ಧರ್ಮಕಾರ್ಯಕ್ಕೆ ತೆತ್ತರು, ಆಡಿ ತಂಡದಲ್ಲಿದ್ದ ನಿಜವಾದ ಸ್ಥಾನವನ್ನೂ ಕಳೆದುಕೊಂಡರು.

ಶಿಕ್ಷೆಯು ಅತಿಯಾಯಿತೆನ್ನಬಹುದು, ತಪ್ಪು ಮಾತ್ರ ಹುಸಿಯಲ್ಲ. ನೆಲದ ಮೇಲಣ ಓಟದಲ್ಲಿ ಉಕ್ಕು, ರಬ್ಬರು, ಪ್ರಾಣಭಯ ಎಲ್ಲವೂ ನಿಜ. ಕಲ್ಪಿತ ಓಟದಲ್ಲಾದರೋ ನಿಜವಾದುದು ಆಡುವವನ ಕೈಯೊಂದೇ. ಅದನ್ನೂ ಸುಳ್ಳಾಗಿಸಿದರೆ ಉಳಿಯುವುದೇನು? ಚದುರಂಗದ ಅರಸನು ಮರದವನು; ಆಡುವವರ ನಡುವಣ ಒಪ್ಪಂದವು ಮರದ್ದಲ್ಲ. ಎಲ್ಲವೂ ಕಲ್ಪಿತವಾದೆಡೆಯಲ್ಲಿ ಸತ್ಯದ ಹೊಣೆಯು ಕಡಮೆಯಾಗದು, ಹೆಚ್ಚುವುದು.