ಬರೆಯದ ನಿಮಿಷಗಳು

ಬರೆದಿಡದ ಕೆಲಸ ಲೆಕ್ಕಕ್ಕೆ ಸೇರುತ್ತದೆಯೇ? ಈ ಪ್ರಶ್ನೆಯನ್ನು ನನ್ನ ತಲೆಗೆ ಹೊಗಿಸಿದವಳು ತಂಗಿಯ ಮಗಳು. ಮೈಸೂರಿನಲ್ಲಿ ಕೂತು ಅವಳು ಅಮೆರಿಕದ ಆಸ್ಪತ್ರೆಗಳಿಗೆ ಕೋಡಿಂಗ್ ಮಾಡುತ್ತಾಳೆ. ಅಂದರೆ, ಅಲ್ಲಿನ ಡಾಕ್ಟರು ಬರೆದ ಟಿಪ್ಪಣಿ ಓದಿ ಅದಕ್ಕೊಂದು ಐದಂಕಿಯ ಸಂಖ್ಯೆ ಹಾಕುವುದು. ಆ ಸಂಖ್ಯೆಯ ಮೇಲೆ ಬಿಲ್ಲು. ಹಳೆಯ ರೋಗಿ ಮತ್ತೆ ಬಂದರೆ, ಡಾಕ್ಟರು ಆ ದಿನ ಅವರಿಗಾಗಿ ಕನಿಷ್ಠ 20 ನಿಮಿಷ ಕೊಟ್ಟಿದ್ದರೆ 99213. 30 ಆದರೆ 99214. 40 ಆದರೆ 99215. ನಿಮಿಷ ಬರೆದಿಲ್ಲವೆಂದರೆ ಕಾಯಿಲೆ ಎಷ್ಟು ತೊಡಕಿನದು ಎಂದು ನೋಡಿ ಹಾಕಬೇಕು. 2021ರಿಂದ ಹೀಗೆ.

"ದೊಡ್ಡಮ್ಮ, ನಮ್ಮ ಮೊದಲನೇ ಪಾಠವೇ ಇದು, ಬರೆದಿಲ್ಲ ಅಂದ್ರೆ ಮಾಡಿಲ್ಲ" ಎಂದಳು.

ಹಾಗಾದರೆ ನಾನು ಈ ಮನೆಯಲ್ಲಿ ನಲವತ್ತು ವರ್ಷ ಏನೂ ಮಾಡಿಯೇ ಇಲ್ಲ ಎಂದು ನಕ್ಕೆ.

ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಒಬ್ಬ ಡಾಕ್ಟರು ಇನ್ನೊಬ್ಬರ ಅಭಿಪ್ರಾಯ ಕೇಳಿದರೆ ಅದಕ್ಕೆ ಕನ್ಸಲ್ಟೇಶನ್ ಎಂಬ ಬೇರೆಯೇ ಸಂಖ್ಯೆ, ಹೆಚ್ಚು ಹಣ. ಕೇಳಿದ್ದು ದಾಖಲಾಗಬೇಕು, ಉತ್ತರ ಬರವಣಿಗೆಯಲ್ಲಿ ಹೋಗಬೇಕು. ಅಲ್ಲಿನ ವೃದ್ಧರ ಸರ್ಕಾರಿ ವಿಮೆ ಮೆಡಿಕೇರ್ 2001ರಲ್ಲಿ ತೆತ್ತ ಇಂಥ ಬಿಲ್ಲುಗಳ ಬಗ್ಗೆ ಸರ್ಕಾರದ ತಪಾಸಣೆಯ ವರದಿ 2006ರಲ್ಲಿ ಬಂತು. ನೂರಕ್ಕೆ ಸುಮಾರು 75 ನಿಯಮಕ್ಕೆ ಹೊಂದಿರಲಿಲ್ಲ. ತಪ್ಪಾಗಿ ಹೋದ ಹಣ 110 ಕೋಟಿ ಡಾಲರ್. 2010ರ ಜನವರಿ 1ರಿಂದ ಮೆಡಿಕೇರ್ ಆ ಸಂಖ್ಯೆಗಳಿಗೆ ಹಣ ಕೊಡುವುದನ್ನೇ ನಿಲ್ಲಿಸಿತು. ಆ 75ರಲ್ಲಿ ಸುಳ್ಳೆಷ್ಟು, ಬರೆಯಲು ಬೇಸರಪಟ್ಟುಕೊಂಡ ನಿಜವೆಷ್ಟು? ಕಾಗದವನ್ನು ಕೇಳಿದರೆ ಅದೇನು ಹೇಳೀತು!

ಈಚೆಗೆ ಅವಳ ಕೈಗೆ ಬಂದದ್ದು ಒಬ್ಬ ಮುದುಕಿಯ ಟಿಪ್ಪಣಿ. ಹೆಸರು, ಊರು ಹೇಳಲಿಲ್ಲ, ಹೇಳುವಂತೆಯೂ ಇಲ್ಲ. ಗಂಡ ತೀರಿಕೊಂಡ ಮೇಲೆ ಬಿ.ಪಿ. ತೋರಿಸಲು ಬಂದಾಕೆ. ಮಾತ್ರೆ ಮುಂದುವರಿಸಿ ಎಂದಿದೆ. ಕೊನೆಯಲ್ಲೊಂದು ಸಾಲು: ದುಃಖದ ಬಗ್ಗೆ ಬಹಳ ಹೊತ್ತು ಮಾತಾಡಿದೆವು. ನಿಮಿಷ ಬರೆದಿಲ್ಲ. ಹಾಗಾಗಿ 99213.

"ಡಾಕ್ಟರಿಗೆ ಅನ್ಯಾಯ ಆಗ್ಲಿಲ್ವಾ ದೊಡ್ಡಮ್ಮ?"

ಡಾಕ್ಟರನ್ನೇ ಬರೆದು ಕೇಳಲು ಅವಕಾಶವುಂಟಂತೆ. ಆದರೆ ಮೆಡಿಕೇರಿನಲ್ಲಿ ಬಿಲ್ಲಿನ ನೂರಕ್ಕೆ 20 ಪಾಲು ಸಾಮಾನ್ಯವಾಗಿ ರೋಗಿಯದು. ಡಾಕ್ಟರು 40 ನಿಮಿಷ ಎಂದು ಬರೆದರೆ, ಅತ್ತದ್ದಕ್ಕೂ ಆ ಮುದುಕಿಯೇ ದುಡ್ಡು ಕಟ್ಟಬೇಕು.

ಬಿಟ್ಟುಬಿಡು ಅನ್ನಲು ಬಾಯಿ ತೆರೆದವಳು ಸುಮ್ಮನಾದೆ. ನಮ್ಮೂರಿನ ಡಾಕ್ಟರು ಮನೆಮಂದಿಯನ್ನೆಲ್ಲ ವಿಚಾರಿಸಿ ಹತ್ತು ರೂಪಾಯಿ ತೆಗೆದುಕೊಳ್ಳುತ್ತಿದ್ದರು, ಅದೂ ಕೊಟ್ಟರೆ. ಆ ಲೆಕ್ಕ ಅವರ ಕೈಯಲ್ಲೇ ಇತ್ತು. ಇಲ್ಲಿ ಲೆಕ್ಕ ಇಡುವವರೇ ಬೇರೆ. ಕೇಳಿಸಿಕೊಂಡ ಹೊತ್ತಿಗೆ ಸಂಖ್ಯೆ ಬೀಳದಿದ್ದರೆ, ಮುಂದಿನ ವಿಧವೆ ಬಂದಾಗ ಆತ ಬೇಗ ಎದ್ದುಬಿಡಬಹುದು. ಮರೆತು ಬಿಟ್ಟರೋ, ಬೇಕೆಂದೇ ಬಿಟ್ಟರೋ? ಬೇಕೆಂದೇ ಬಿಟ್ಟಿದ್ದರೆ ಅದು ಅವರು ಕೊಟ್ಟ ದಾನ. ಅವರ ಪರವಾಗಿ ದಾನ ಕೊಡಲು ನಾನು ಯಾರು, ಈ ಹುಡುಗಿ ಯಾರು?

"ಕೇಳು. ಆದರೆ ನಲವತ್ತು ಅನ್ನೋ ಮಾತು ನಿನ್ನ ಬಾಯಿಂದ ಬರಬಾರದು" ಎಂದೆ.

"ಅದು ನಮ್ಮ ನಿಯಮದಲ್ಲೇ ಇದೆ" ಎಂದು ನಕ್ಕಳು. ಹಿಡಿದ ಸಮಯವಿದ್ದರೆ ತಿಳಿಸಿ ಎಂದಷ್ಟೇ ಬರೆದು ಕಳಿಸಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ.