ಸಂಕಲ್ಪವೂ ನಿತ್ಯಾಭ್ಯಾಸವೂ



ಆಷಾಢ ಶುದ್ಧ ಏಕಾದಶಿ ಸಮೀಪಿಸಿತೆಂದರೆ ಮಾಧ್ವರ ಮನೆಗಳಲ್ಲಿ ಚಾತುರ್ಮಾಸ್ಯದ ಸಿದ್ಧತೆ ಮೊದಲಾಗುತ್ತದೆ. ವ್ರತದ ಅಡಿಗೆಯ ವಿಚಾರದೊಡನೆ ಬೇರೆ ಕೆಲವು ನಿಶ್ಚಯಗಳೂ ಆಗ ಮನಸ್ಸಿನಲ್ಲಿ ಮೂಡುತ್ತವೆ. ಈ ಸಲ ಗೀತೆಯನ್ನು ಕಂಠಪಾಠ ಮಾಡಬೇಕು, ಹರಿಕಥಾಮೃತಸಾರವನ್ನು ಅರ್ಥಸಹಿತವಾಗಿ ಓದಿ ಮುಗಿಸಬೇಕು, ಉಪನಯನವಾದ ಮಗನಿಗೆ ಸಂಧ್ಯಾವಂದನೆ ತಪ್ಪದಂತೆ ನೋಡಿಕೊಳ್ಳಬೇಕು ಎಂದು ಮುಂತಾಗಿ ಅಂದುಕೊಳ್ಳುತ್ತೇವೆ. ಶ್ರಾವಣ ಕಳೆದು ಭಾದ್ರಪದ ಬರುವ ವೇಳೆಗೆ ಇವುಗಳಲ್ಲಿ ಉಳಿಯುವುದೆಷ್ಟು? ಶ್ರದ್ಧೆಯುಳ್ಳವರ ಸಂಕಲ್ಪಗಳೂ ನಡುದಾರಿಯಲ್ಲೇ ನಿಂತುಹೋಗುವುದೇಕೆ ಎಂಬುದನ್ನು ನಾವು ವಿಚಾರಿಸತಕ್ಕದ್ದಾಗಿದೆ.

ಈ ಪ್ರಶ್ನೆ ಹೊಸದಲ್ಲ. ಗೀತೆಯ 6ನೆಯ ಅಧ್ಯಾಯದಲ್ಲಿ ಅರ್ಜುನನೇ ಇದನ್ನು ಕೇಳಿದ್ದಾನೆ. ಮನಸ್ಸು ಚಂಚಲವಾದುದು, ಗಾಳಿಯನ್ನು ಹಿಡಿದಿಡುವಷ್ಟೇ ಅದನ್ನು ನಿಲ್ಲಿಸುವುದೂ ಕಷ್ಟವೆಂದು ಆತನು ತೋಡಿಕೊಂಡಾಗ, ಭಗವಂತನು ಆ ಮಾತನ್ನು ಅಲ್ಲಗಳೆಯಲಿಲ್ಲ. ಕಷ್ಟವೆಂಬುದನ್ನು ಒಪ್ಪಿಯೇ ಅಭ್ಯಾಸ ಮತ್ತು ವೈರಾಗ್ಯವೆಂಬ ಎರಡು ಸಾಧನಗಳನ್ನು ತಿಳಿಸಿದನು. ಒಂದೇ ಕಾರ್ಯವನ್ನು ಮತ್ತೆ ಮತ್ತೆ ಮಾಡುವುದು ಅಭ್ಯಾಸ. ಅದಕ್ಕೆ ಅಡ್ಡಿಯಾದುದನ್ನು ಬಿಡುವುದು ವೈರಾಗ್ಯ. ಈ ಎರಡನ್ನೂ ದಿನಚರಿಯಲ್ಲಿ ಹೇಗೆ ಅಳವಡಿಸಿಕೊಳ್ಳಬೇಕೆಂಬುದನ್ನು ನಮ್ಮ ಸಂಪ್ರದಾಯವು ಆಚರಣೆಗಳ ಮೂಲಕವೇ ಕಲಿಸಿಕೊಟ್ಟಿದೆ.

ಮೊದಲನೆಯದಾಗಿ ಸಂಕಲ್ಪದ ಕ್ರಮವನ್ನೇ ನೋಡೋಣ. ಸಂಕಲ್ಪ ಮಾಡುವಾಗ ನಾವಿರುವ ದೇಶವನ್ನು ಹೇಳುತ್ತೇವೆ. ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರಗಳನ್ನು ಹೇಳುತ್ತೇವೆ. ಮಾಡಲಿರುವ ಕರ್ಮವನ್ನು ಹೆಸರಿಸುತ್ತೇವೆ. ಎಲ್ಲಿ, ಯಾವಾಗ, ಏನು ಎಂಬ ಮೂರೂ ಗೊತ್ತಾದ ಮೇಲೆಯೇ ಅದು ಸಂಕಲ್ಪವೆನಿಸಿಕೊಳ್ಳುತ್ತದೆ. 'ಬಿಡುವಾದಾಗ ಗೀತೆ ಓದುತ್ತೇನೆ' ಎಂಬುದು ಬರಿಯ ಆಸೆ. 'ಬೆಳಗಿನ ಜಪವಾದೊಡನೆ, ದೇವರ ಮುಂದೆ ಕುಳಿತು, ಒಂದು ಶ್ಲೋಕ' ಎಂಬುದು ಸಂಕಲ್ಪ. ಈಗಾಗಲೇ ನಡೆದುಬರುತ್ತಿರುವ ಒಂದು ಆಚಾರದ ಬೆನ್ನಿಗೆ ಹೊಸದನ್ನು ಜೋಡಿಸಿದರೆ ಅದಕ್ಕಾಗಿ ಬೇರೆ ಹೊತ್ತನ್ನು ಹುಡುಕಬೇಕಾಗುವುದಿಲ್ಲ. ಸಂಜೆ ತುಳಸಿಯ ಮುಂದೆ ದೀಪ ಹಚ್ಚಿದ ಕೂಡಲೇ ಲಕ್ಷ್ಮೀ ಶೋಭಾನೆಯ ಎರಡು ನುಡಿ ಹೇಳಿಕೊಳ್ಳುವ ಗೃಹಿಣಿಗೆ ಕೆಲವು ದಿನಗಳಲ್ಲಿ ಆ ದೀಪವೇ ನೆನಪು ಮಾಡಿಕೊಡುತ್ತದೆ.

ಎರಡನೆಯದಾಗಿ, ಚಾತುರ್ಮಾಸ್ಯದ ವ್ಯವಸ್ಥೆ. ತರಕಾರಿ, ಮೊಸರು, ಹಾಲು, ದ್ವಿದಳ ಧಾನ್ಯ ಈ ನಾಲ್ಕನ್ನೂ ನಾಲ್ಕು ತಿಂಗಳು ಒಟ್ಟಿಗೇ ಬಿಡಬೇಕೆಂದು ವಿಧಿಸಿಲ್ಲ. ಶಾಕವ್ರತ, ದಧಿವ್ರತ, ಕ್ಷೀರವ್ರತ, ದ್ವಿದಳವ್ರತ ಎಂದು ತಿಂಗಳಿಗೊಂದು ನಿಯಮ. ಮನುಷ್ಯನ ಶಕ್ತಿಯನ್ನು ಬಲ್ಲ ವ್ಯವಸ್ಥೆಯಿದು. ಒಂದೇ ದಿನ ಐದಾರು ನಿಯಮಗಳನ್ನು ಹೊತ್ತುಕೊಂಡು ಹದಿನೈದು ದಿನಗಳಲ್ಲಿ ದಣಿಯುವವರು ಇದನ್ನು ಗಮನಿಸಬೇಕು. ಒಂದು ನಿಯಮವು ಒಂದು ತಿಂಗಳು ನಿಂತರೆ ಮನಸ್ಸಿಗೆ ತನ್ನ ಮೇಲೆಯೇ ನಂಬಿಕೆ ಹುಟ್ಟುತ್ತದೆ. ಮುಂದಿನದಕ್ಕೆ ಅದೇ ಬಲ.

ಮೂರನೆಯದಾಗಿ, ಉಡುಪಿಯ ಪರ್ಯಾಯ. ಅಷ್ಟಮಠಗಳಲ್ಲಿ ಒಂದೊಂದಕ್ಕೂ ಶ್ರೀಕೃಷ್ಣಪೂಜೆಯ ಸರದಿ ಎರಡು ವರ್ಷ. 16 ವರ್ಷಗಳಿಗೊಮ್ಮೆ ಬರುವ ಈ ಮಹಾಕಾರ್ಯಕ್ಕೆ ಸಿದ್ಧತೆ ಸುಮಾರು ಒಂದು ವರ್ಷ ಮೊದಲೇ ಬಾಳೆಮುಹೂರ್ತದಿಂದ ಆರಂಭವಾಗುತ್ತದೆ. ಬಳಿಕ ಅಕ್ಕಿಮುಹೂರ್ತ, ಕಟ್ಟಿಗೆಮುಹೂರ್ತ, ಭತ್ತಮುಹೂರ್ತಗಳು. ಸಹಸ್ರಾರು ಜನರ ಅನ್ನಸಂತರ್ಪಣೆಯ ಮೂಲದಲ್ಲಿ ನೆಟ್ಟ ಬಾಳೆಕಂದು ಇದೆ, ಒಟ್ಟಿದ ಸೌದೆಯಿದೆ. ದೊಡ್ಡ ಗುರಿಗೆ ಚಿಕ್ಕ ಆರಂಭವು ಅವಮಾನವಲ್ಲ.

ಇದೇ ಲೆಕ್ಕವನ್ನು ಗೀತೆಗೂ ಅನ್ವಯಿಸಿ ನೋಡಬಹುದು. ಗೀತೆಯ ಶ್ಲೋಕಗಳು 700. ದಿನಕ್ಕೊಂದು ಶ್ಲೋಕವನ್ನು ಕಲಿತರೆ 700 ದಿನ ಸಾಕು. ಒಂದು ಪರ್ಯಾಯದ ಅವಧಿ ಸುಮಾರು 730 ದಿನ. ಎಂದರೆ, ಒಬ್ಬ ಯತಿಗಳ ಪರ್ಯಾಯದಲ್ಲಿ ಆರಂಭಿಸಿದವನು ಅದೇ ಪರ್ಯಾಯ ಮುಗಿಯುವುದರೊಳಗೆ ಇಡೀ ಗೀತೆಯನ್ನು ಕಂಠಸ್ಥ ಮಾಡಿಕೊಳ್ಳಬಹುದು. ಅಷ್ಟು ದೂರ ನೋಡಲು ಅಂಜಿಕೆಯಾದರೆ 20 ಶ್ಲೋಕಗಳ 12ನೆಯ ಅಧ್ಯಾಯದಿಂದ ತೊಡಗಬಹುದು. 20 ದಿನಗಳಲ್ಲಿ ಒಂದು ಅಧ್ಯಾಯ ಕೈಸೇರುತ್ತದೆ. ಇಡೀ ಗೀತೆಗೆ ಹೊರಟವರಿಗೂ ಮೂವತ್ತು ದಿನಗಳು ಮಿಗುತ್ತವೆ. ಅವು ಜ್ವರಕ್ಕೆ, ಪ್ರಯಾಣಕ್ಕೆ, ಮನೆಯ ಕಾರ್ಯಗಳಿಗೆ ಇರಲಿ.

ಏಕೆಂದರೆ ತಪ್ಪುವ ದಿನಗಳು ಬಂದೇ ಬರುತ್ತವೆ. ಅನೇಕರ ನಿಯಮವು ಮುರಿಯುವುದು ಮೊದಲ ಸಲ ತಪ್ಪಿದ ದಿನವಲ್ಲ, ಅದರ ಮರುದಿನ. 'ಹೇಗೂ ತಪ್ಪಿತು, ಇನ್ನೇನು' ಎಂಬ ಭಾವನೆಯೇ ನಿಜವಾದ ಶತ್ರು. ಸಂಧ್ಯಾವಂದನೆಯ ವಿಧಿಯನ್ನು ಸ್ಮರಿಸೋಣ. ಮುಖ್ಯಕಾಲ ಮೀರಿದರೆ ಪ್ರಾಯಶ್ಚಿತ್ತಾರ್ಘ್ಯವೊಂದನ್ನು ಹೆಚ್ಚಾಗಿ ಕೊಟ್ಟು ಕರ್ಮವನ್ನು ಮುಂದುವರಿಸುವುದು ಕ್ರಮ. ಹೊತ್ತು ಮೀರಿತೆಂದು ಕರ್ಮವನ್ನೇ ಬಿಡು ಎಂದು ಶಾಸ್ತ್ರವು ಹೇಳಲಿಲ್ಲ. ಮೀರಿದ್ದು ಏನೂ ಅಲ್ಲವೆಂದೂ ಹೇಳಲಿಲ್ಲ. ಲೋಪವನ್ನು ಒಪ್ಪಿ, ಸರಿಪಡಿಸಿ, ಮುಂದೆ ನಡೆಯುವ ಈ ದಾರಿಯೇ ಎಲ್ಲ ನಿಯಮಗಳಿಗೂ ದಾರಿ. ನಿನ್ನೆಯ ಶ್ಲೋಕ ತಪ್ಪಿದ್ದರೆ ಇಂದು ಕ್ಷಮೆ ಬೇಡಿ ಅದೇ ಶ್ಲೋಕವನ್ನು ಹಿಡಿಯೋಣ.

ಕೊನೆಯದಾಗಿ, ಮುಖ್ಯವಾದ ಮಾತು. ನಿಯಮವು ನಿಂತ ಮೇಲೆ 'ನಾನು ಸಾಧಿಸಿದೆ' ಎಂಬ ಭಾವನೆ ತಲೆಯೆತ್ತುವುದುಂಟು. ಶ್ರೀಹರಿಯೊಬ್ಬನೇ ಸ್ವತಂತ್ರನು, ಜೀವರೆಲ್ಲರೂ ಅವನ ಅಧೀನರು ಎಂಬುದು ಶ್ರೀಮದಾಚಾರ್ಯರ ಸಿದ್ಧಾಂತ. ಆದ್ದರಿಂದಲೇ ವಿಷ್ಣುವಿನ ಪ್ರೇರಣೆಯಿಂದ, ವಿಷ್ಣುವಿನ ಪ್ರೀತಿಗಾಗಿ ಎಂದು ಸಂಕಲ್ಪಿಸಿ, ಕಡೆಗೆ ಕೃಷ್ಣಾರ್ಪಣವೆಂದು ಬಿಡುತ್ತೇವೆ. ಹಾಗೆಂದು ಪ್ರಯತ್ನವನ್ನು ಕೈಬಿಡಲು ಇದು ನೆಪವಾಗಬಾರದು. ಯುದ್ಧವನ್ನು ತೊರೆಯಲೆಳಸಿದ ಅರ್ಜುನನನ್ನು ಭಗವಂತನು ಎಬ್ಬಿಸಿ ನಿಲ್ಲಿಸಿದನಷ್ಟೆ. ದುಡಿಯತಕ್ಕವರು ನಾವು, ದುಡಿಸುವವನು ಅವನು. ಈ ಅನುಸಂಧಾನವಿದ್ದಲ್ಲಿ ನಡೆದ ದಿನ ಗರ್ವವಿಲ್ಲ, ತಪ್ಪಿದ ದಿನ ಹತಾಶೆಯಿಲ್ಲ. ಅನುಸಂಧಾನವಿಲ್ಲದಿದ್ದರೆ ನಿತ್ಯಕರ್ಮವೂ ಕೈಬಾಯಿಗಳ ಚಲನೆಯಾಗಿ ಉಳಿಯುತ್ತದೆ.

ಮಕ್ಕಳು ಉಪದೇಶಕ್ಕಿಂತ ಹೆಚ್ಚಾಗಿ ಹಿರಿಯರ ದಿನಚರಿಯನ್ನು ನೋಡಿ ಕಲಿಯುತ್ತಾರೆ. ಪ್ರತಿದಿನ ಅದೇ ವೇಳೆಗೆ ಅದೇ ಮಣೆಯ ಮೇಲೆ ಕುಳಿತು ಒಂದು ಶ್ಲೋಕ ಹೇಳುವ ತಂದೆತಾಯಿಗಳು ಮಾತಿಲ್ಲದೆಯೇ ಪಾಠ ಮಾಡುತ್ತಿರುತ್ತಾರೆ. ಆದ್ದರಿಂದ ಈ ಚಾತುರ್ಮಾಸ್ಯದಲ್ಲಿ ಪ್ರತಿಯೊಂದು ಮನೆಯೂ ಒಂದೇ ಒಂದು ಚಿಕ್ಕ ನಿಯಮವನ್ನು ಆರಿಸಿಕೊಂಡು, ಅದಕ್ಕೆ ಹೊತ್ತನ್ನೂ ಸ್ಥಳವನ್ನೂ ಗೊತ್ತುಮಾಡಿ, ಉತ್ಥಾನದ್ವಾದಶಿಯವರೆಗೆ ನಡೆಸಿಕೊಂಡು ಬರಲಿ. ಅಂದು ತುಳಸೀಸನ್ನಿಧಿಯಲ್ಲಿ ವ್ರತಗಳೊಡನೆ ಅದನ್ನೂ ಸಮರ್ಪಿಸಿ, ಮರುದಿನವೂ ಬಿಡದೆ ಮುಂದುವರಿಸಲಿ. ಹರಿವಾಯುಗುರುಗಳು ಆ ಬಲವನ್ನು ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು.