ಗೇಟು ಬಿದ್ದಾಗ

ಮೈಸೂರಿನಿಂದ ಅರಸೀಕೆರೆಗೆ ಹೋಗುವ ರೈಲುಹಾದಿ ಕೆ.ಆರ್. ನಗರದ ಭತ್ತದ ಗದ್ದೆಗಳನ್ನು ಹಾದು ಹೋಗುತ್ತದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಪಟ್ಟಣಗಳಿಗೆ ರೈಲಿಲ್ಲ. ಅಲ್ಲಿಯವರಿಗೆ ಈ ಕಡೆ ಬಂದಾಗಲೇ ಮುಚ್ಚಿದ ಗೇಟು ಎದುರಾಗುವುದು. ಗೇಟು ಬಿದ್ದ ಕೂಡಲೇ ಎಲ್ಲಿಲ್ಲದ ಅವಸರ ನಮ್ಮನ್ನು ಹಿಡಿದುಕೊಳ್ಳುತ್ತದೆ. ಬೈಕನ್ನು ಓರೆ ಮಾಡಿ, ತಲೆ ಬಗ್ಗಿಸಿ, ಕಂಬದ ಕೆಳಗೆ ನುಸುಳುತ್ತೇವೆ.

ಹಿಂದೊಮ್ಮೆ ನಿಕಾಹ್‌ಗೆ ಹೊತ್ತಾಯಿತೆಂದು ನಾವೂ ಹಾಗೆ ನುಸುಳಿದೆವು. ಹಳಿ ದಾಟಿ ತಿರುಗಿ ನೋಡಿದರೆ, ಶಾಲೆಯ ಚೀಲ ಹೊತ್ತ ಹುಡುಗನೊಬ್ಬ ಸೈಕಲ್ ತಳ್ಳಿಕೊಂಡು ನಮ್ಮ ಹಿಂದೆಯೇ ಬಗ್ಗಿ ಬರುತ್ತಿದ್ದ. ಅಂದು ಏನೂ ಆಗಲಿಲ್ಲ. ಆದರೆ ಮತ್ತೊಂದು ದಿನ ಅವನು ಒಬ್ಬನೇ ಹಾಗೆ ಬಗ್ಗಿದರೆ, ಆ ಪಾಪ ಯಾರ ಲೆಕ್ಕಕ್ಕೆ?

‘ನಮ್ಮ ಜೀವ, ನಮ್ಮಿಷ್ಟ’ ಎನ್ನುತ್ತೇವೆ. ಇಲ್ಲವೇ ‘ತಖ್ದೀರಿನಲ್ಲಿ ಬರೆದದ್ದು ತಪ್ಪೀತೆ?’ ಎನ್ನುತ್ತೇವೆ. ಎರಡೂ ನುಣುಚಿಕೊಳ್ಳುವ ಮಾತು. ಜೀವ ದೇವರು ನಮ್ಮಲ್ಲಿಟ್ಟ ಅಮಾನತ್. ಅದನ್ನು ಜೂಜಿಗಿಡುವ ಹಕ್ಕು ನಮಗಿಲ್ಲ. ಮೊದಲು ಒಂಟೆಯನ್ನು ಕಟ್ಟಿ, ಆಮೇಲೆ ದೇವರಲ್ಲಿ ಭರವಸೆಯಿಡಬೇಕೆಂದು ಪ್ರವಾದಿಯವರು (ಸ) ಕಲಿಸಿದ್ದಾರೆ. ಇನ್ನು ರೈಲಿನ ಚಾಲಕ ಬ್ರೇಕು ಹಾಕಬಲ್ಲನೇ ಹೊರತು ರೈಲನ್ನು ಪಕ್ಕಕ್ಕೆ ತಿರುಗಿಸಲಾರ. ನಮ್ಮ ಅವಸರದ ಸಾವನ್ನು ಅವನು ಬದುಕಿಡೀ ಹೊರಬೇಕು.

1988ರ ಮೋಟಾರು ವಾಹನ ಕಾಯ್ದೆಯ 131ನೇ ಕಲಂ ಅರ್ಥಪೂರ್ಣವಾದುದು. ಕಾವಲಿಲ್ಲದ ಗೇಟಿನಲ್ಲಿ ವಾಹನ ನಿಲ್ಲಬೇಕು. ಕಂಡಕ್ಟರೋ ಕ್ಲೀನರೋ ಇಳಿದು, ಹಳಿಯವರೆಗೆ ನಡೆದು, ರೈಲಿಲ್ಲವೆಂದು ನೋಡಿ ವಾಹನವನ್ನು ದಾಟಿಸಬೇಕು. ಅವರಿಲ್ಲದಿದ್ದರೆ ಚಾಲಕನೇ ಇಳಿದು ನೋಡಬೇಕು. 2014ರ ಜುಲೈ 24ರಂದು ತೆಲಂಗಾಣದ ಮಾಸಾಯಿಪೇಟೆಯ ಅಂಥದೊಂದು ಗೇಟಿನಲ್ಲಿ ಶಾಲಾ ಬಸ್ಸಿಗೆ ರೈಲು ಬಡಿದು 10ಕ್ಕೂ ಹೆಚ್ಚು ಮಕ್ಕಳು ಸತ್ತಾಗ, ಆ ನಾಲ್ಕು ಹೆಜ್ಜೆಗಳ ಬೆಲೆ ದೇಶಕ್ಕೆ ತಿಳಿಯಿತು.

2019ರ ಜನವರಿ ಹೊತ್ತಿಗೆ ಬ್ರಾಡ್‌ಗೇಜ್ ಹಾದಿಗಳಲ್ಲಿ ಕಾವಲಿಲ್ಲದ ಗೇಟುಗಳು ಇಲ್ಲವಾದವು. ಆದರೂ 2025ರ ಜುಲೈ 8ರಂದು ತಮಿಳುನಾಡಿನ ಕಡಲೂರಿನ ಬಳಿ, ಕಾವಲಿದ್ದ ಗೇಟಿನಲ್ಲೇ ಶಾಲಾ ವ್ಯಾನಿಗೆ ರೈಲು ಬಡಿದು 3 ಮಕ್ಕಳು ತೀರಿಕೊಂಡರು. ಮುಚ್ಚಿರಬೇಕಿದ್ದ ಗೇಟು ಮುಚ್ಚಿರಲಿಲ್ಲ. ಗೇಟು ಮುಚ್ಚದೆ ರೈಲಿಗೆ ಹಸಿರು ಸಿಗ್ನಲ್ ಬೀಳದಂಥ ಏರ್ಪಾಡೂ ಅಲ್ಲಿರಲಿಲ್ಲ. ಹೊಣೆ ಗೇಟು ಕಾಯುವವನಿಗಿದೆ. ಒಬ್ಬ ಬಡಪಾಯಿಯ ಕಣ್ಣನ್ನೇ ನಂಬಿ ಕುಳಿತ ಆಡಳಿತಕ್ಕೂ ಇದೆ. ಇಬ್ಬರೂ ತಮ್ಮ ಕೆಲಸ ಮಾಡಿದ ಮೇಲೆ ಉಳಿಯುವುದು ಕಂಬದ ಕೆಳಗಿನ ಸಂದು. ಅದರ ಹೊಣೆ ಮಾತ್ರ ನಮ್ಮದೇ.

ಎಚ್.ಡಿ. ಕೋಟೆಯಿಂದ ನಾಗರಹೊಳೆ ಕಾಡಿನ ಮೂಲಕ ಮಾನಂತವಾಡಿಗೆ ಹೋಗುವ ರಸ್ತೆಯನ್ನು ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುತ್ತಾರೆ. ಕಾಡುಪ್ರಾಣಿಗಳಿಗಾಗಿ ರಾತ್ರಿಯಿಡೀ ಕಾಯುವ ನಾವು ಮನುಷ್ಯರಿಗಾಗಿ ಹತ್ತು ನಿಮಿಷ ಕಾಯಲಾರೆವೆ? ಸಬ್ರ್ ಎಂದರೆ ಕಷ್ಟ ಬಂದಾಗ ಕಣ್ಣೀರು ನುಂಗುವುದಷ್ಟೇ ಅಲ್ಲ. ಕಷ್ಟ ಬಾರದಂತೆ ನಿಲ್ಲುವುದೂ ಸಬ್ರ್.

ಆ ಹುಡುಗ ಈಗ ದೊಡ್ಡವನಾಗಿರಬೇಕು. ಗೇಟಿನೆದುರು ಅವನು ನಿಲ್ಲುತ್ತಾನೋ ಬಗ್ಗುತ್ತಾನೋ ತಿಳಿಯದು. ನಾವಂತೂ ಈಗ ಬೈಕು ಆರಿಸಿ ನಿಲ್ಲುತ್ತೇವೆ. ಹಿಂದೆ ಯಾವ ಮಗು ನೋಡುತ್ತಿದೆಯೋ ಯಾರಿಗೆ ಗೊತ್ತು!